ತೆರಿಗೆಯ ಸಿಟ್ಟನ್ನು ಟ್ಯಾಂಕಿಗೆ ಸುರಿಯಬೇಡಿ

ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳ ಕನ್ನಡ ಮನೆಮಾತಿನ ಲಾರಿ, ವ್ಯಾನ್, ಟ್ರ್ಯಾಕ್ಟರ್, ಜನರೇಟರ್ ಮಾಲೀಕರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಬಂಧುಗಳೇ,



ಸೋಮನೂರು, ಪಲ್ಲಡಂ ಸುತ್ತ ಪವರ್‌ಲೂಮ್ ನಡೆಸುವ ದೇವಾಂಗ ಮನೆಗಳಿಗೆ, ಕಾರಮಡೈ, ಮೇಟ್ಟುಪಾಳ್ಯಂ ಕಡೆ ಬಾಳೆ, ಕರಿಬೇವು ಬೆಳೆಯುವ ಒಕ್ಕಲಿಗ ಮನೆಗಳಿಗೆ, ತಿರುಪ್ಪೂರಿನ ಬನಿಯನ್ ಕಂಪನಿಗಳಿಂದ ತೂತ್ತುಕುಡಿ ಬಂದರಿಗೆ ಲೋಡು ಹೊಡೆಯುವ ಗಾಡಿಗಳ ಮಾಲೀಕರಿಗೆ ಈ ಪತ್ರ ಬರೆಯುತ್ತಿದ್ದೇನೆ. ಮಗ್ಗ ಇದ್ದವರಿಗೂ ತೋಟ ಇದ್ದವರಿಗೂ ಗಾಡಿ ಇದ್ದವರಿಗೂ ತಿಂಗಳ ಕೊನೆಗೆ ಕಣ್ಣಿಗೆ ಹೊಡೆಯುವ ಖರ್ಚು ಒಂದೇ. ಅದು ಡೀಸೆಲ್.

ನಾನು ಕೊಯಮತ್ತೂರಿನ ಲಾರಿ ಬುಕಿಂಗ್ ಆಫೀಸೊಂದರಲ್ಲಿ ಲೆಕ್ಕ ಬರೆದು ವಯಸ್ಸು ಕಳೆದವನು. ಟ್ರಿಪ್ ಶೀಟು, ಡೀಸೆಲ್ ಬಿಲ್ಲು, ಟೋಲ್ ರಸೀದಿ, ಡ್ರೈವರ್ ಬಾಟಾ, ಇವುಗಳ ನಡುವೆಯೇ ನನ್ನ ಸಂಸಾರವೂ ನಡೆಯಿತು. ನಿಮ್ಮಲ್ಲಿ ಹಲವರ ತಂದೆಯವರ ಖಾತೆಯನ್ನು ಬರೆದ ಕೈ ಇದು. ಆ ಸಲುಗೆಯಿಂದ ವಿಷಯವನ್ನು ನೇರವಾಗಿ ಹೇಳುತ್ತೇನೆ. ‘ಬಯೋಡೀಸೆಲ್’ ಎಂಬ ಹೆಸರಿನಲ್ಲಿ ಹೆದ್ದಾರಿ ಬದಿಯ ಶೆಡ್ಡುಗಳಲ್ಲಿ, ಗೋಡೌನುಗಳ ಹಿಂದೆ, ರಾತ್ರಿ ಹೊತ್ತು ಟ್ಯಾಂಕರಿನಿಂದ ಬ್ಯಾರೆಲಿಗೆ ಇಳಿಸಿ ಮಾರುವ ಅಗ್ಗದ ಎಣ್ಣೆಯನ್ನು ದಯವಿಟ್ಟು ಕೊಳ್ಳಬೇಡಿ.

ಇದನ್ನು ಹೇಳಿದ ಕೂಡಲೇ ನೀವು ಕೊಡುವ ಉತ್ತರ ನನಗೆ ಗೊತ್ತು. “ಸರ್ಕಾರ ಲೀಟರಿಗೆ ಇಷ್ಟು ತೆರಿಗೆ ಕಿತ್ತುಕೊಳ್ಳುವಾಗ ನಾವು ಹದಿನೈದು ಇಪ್ಪತ್ತು ರೂಪಾಯಿ ಉಳಿಸಿಕೊಂಡರೆ ತಪ್ಪೇನು?” ಚಹಾ ಅಂಗಡಿಯಲ್ಲಿ, ಚೌಡೇಶ್ವರಿ ಗುಡಿಯ ಜಗಲಿಯಲ್ಲಿ, ಮದುವೆ ಮಂಟಪದ ಊಟದ ಸಾಲಿನಲ್ಲಿ ಈ ಮಾತು ಕೇಳಿದ್ದೇನೆ. ಇದನ್ನು ಕಳ್ಳರ ಮಾತೆಂದು ತಳ್ಳಿಹಾಕುವವನು ನಾನಲ್ಲ. ಇದರಲ್ಲಿ ಅರ್ಧ ನ್ಯಾಯವಿದೆ. ಮೊದಲು ಆ ಅರ್ಧವನ್ನು ಒಪ್ಪಿಕೊಂಡು ಆಮೇಲೆ ಉಳಿದರ್ಧಕ್ಕೆ ಬರುತ್ತೇನೆ.

2014ರ ಅಕ್ಟೋಬರಿನಲ್ಲಿ ಡೀಸೆಲ್ ಬೆಲೆಯನ್ನು ಮಾರುಕಟ್ಟೆಗೆ ಬಿಟ್ಟರು. ಕಚ್ಚಾತೈಲ ಏರಿದರೆ ನೀವು ಹೆಚ್ಚು ಕೊಡಿ, ಇಳಿದರೆ ಕಡಿಮೆ ಕೊಡಿ ಎಂಬುದು ಅಂದಿನ ಮಾತು. ಆಮೇಲೆ ಕಚ್ಚಾತೈಲ ಕುಸಿಯಿತು. 2014ರ ನವೆಂಬರಿನಿಂದ 2016ರ ಜನವರಿಯೊಳಗೆ ಕೇಂದ್ರ ಸರ್ಕಾರ ಒಂಬತ್ತು ಸಲ ಅಬಕಾರಿ ಸುಂಕ ಏರಿಸಿತು. ಇಳಿದ ಬೆಲೆಯ ದೊಡ್ಡ ಪಾಲು ನಮ್ಮ ಕೈಗೆ ಬರದೆ ಬೊಕ್ಕಸಕ್ಕೆ ಹೋಯಿತು. 2020ರಲ್ಲಿ ಕೊರೊನಾ ಬಂದು ಗಾಡಿಗಳೆಲ್ಲ ಶೆಡ್ಡಿನಲ್ಲಿ ನಿಂತಿದ್ದಾಗ, ಜಗತ್ತಿನಲ್ಲಿ ಕಚ್ಚಾತೈಲ ಕೇಳುವವರಿಲ್ಲದೆ ಬಿದ್ದಿದ್ದಾಗ, ಮಾರ್ಚಿನಲ್ಲಿ 3 ರೂಪಾಯಿ, ಮೇ ತಿಂಗಳಲ್ಲಿ 13 ರೂಪಾಯಿ ಡೀಸೆಲ್ ಮೇಲೆ ಏರಿಸಿದರು. ಅಲ್ಲಿಗೆ ಕೇಂದ್ರದ ಸುಂಕವೇ ಲೀಟರಿಗೆ 31 ರೂಪಾಯಿ ದಾಟಿತು. ಅದೇ ಮೇ ತಿಂಗಳಲ್ಲಿ ತಮಿಳುನಾಡು ಸರ್ಕಾರ ಡೀಸೆಲ್ ಮೇಲಿದ್ದ ಶೇ 25ರ ವ್ಯಾಟ್ ತೆಗೆದು, ಶೇ 11 ಜೊತೆಗೆ ಲೀಟರಿಗೆ 9 ರೂಪಾಯಿ 62 ಪೈಸೆ ಎಂದು ಬದಲಿಸಿತು. ಬೆಲೆ ಎಷ್ಟೇ ಬಿದ್ದರೂ ಆ 9.62 ಬೀಳುವುದಿಲ್ಲ.

ಮುಂದೆ ಕೇಂದ್ರ 2021ರ ನವೆಂಬರಿನಲ್ಲಿ 10 ರೂಪಾಯಿ, 2022ರ ಮೇ ತಿಂಗಳಲ್ಲಿ 6 ರೂಪಾಯಿ ಇಳಿಸಿದ್ದು ನಿಜ. 2021ರ ಆಗಸ್ಟಿನಲ್ಲಿ ತಮಿಳುನಾಡಿನ ಅಂದಿನ ಹಣಕಾಸು ಸಚಿವ ಪಳನಿವೇಲ್ ತ್ಯಾಗರಾಜನ್ ತಮ್ಮ ಬಜೆಟ್ಟಿನಲ್ಲಿ ಪೆಟ್ರೋಲ್ ಮೇಲೆ 3 ರೂಪಾಯಿ ಕಡಿಮೆ ಮಾಡಿದ್ದೂ ನಿಜ. ಡೀಸೆಲಿಗೆ ಮಾತ್ರ ಏನೂ ಸಿಗಲಿಲ್ಲ. ಆ ವರ್ಷದ ಚುನಾವಣೆಗೆ ಮೊದಲು ಅವರ ಪಕ್ಷದಿಂದ ಡೀಸೆಲ್‌ಗೆ 4 ರೂಪಾಯಿ ಇಳಿಸುವ ಭರವಸೆ ಕೇಳಿದ್ದ ನಮ್ಮ ಲಾರಿ ಜನ ಅದನ್ನು ಮರೆತಿಲ್ಲ.

ಇನ್ನೊಂದು ಲೆಕ್ಕವನ್ನೂ ನೋಡಿ. 2022ರ ಮೇ ತಿಂಗಳ ಕಡಿತದ ನಂತರ ಕೇಂದ್ರದ ಸುಂಕ ಲೀಟರಿಗೆ 15 ರೂಪಾಯಿ 80 ಪೈಸೆಗೆ ನಿಂತಿತು. ಅದರಲ್ಲಿ ರಾಜ್ಯಗಳ ಜೊತೆ ಹಂಚಿಕೊಳ್ಳಬೇಕಾದ ಮೂಲ ಸುಂಕ ಬರೀ 1 ರೂಪಾಯಿ 80 ಪೈಸೆ. ಉಳಿದ 14 ರೂಪಾಯಿ ವಿಶೇಷ ಸುಂಕ, ಕೃಷಿ ಸೆಸ್, ರಸ್ತೆ ಸೆಸ್ ಎಂಬ ಹೆಸರುಗಳಲ್ಲಿ ದೆಹಲಿಯಲ್ಲೇ ಉಳಿಯಿತು. 15ನೇ ಹಣಕಾಸು ಆಯೋಗದ ಪ್ರಕಾರ ಆ 1.80ರಲ್ಲಿ ಶೇ 41ರಷ್ಟು ಎಲ್ಲ ರಾಜ್ಯಗಳಿಗೆ, ಅಂದರೆ ಸುಮಾರು 74 ಪೈಸೆ. ಅದರಲ್ಲಿ ತಮಿಳುನಾಡಿನ ಪಾಲು ಶೇ 4.079 ಆಗಿತ್ತು. ಕೂಡಿ ಕಳೆದು ನೋಡಿದರೆ ಲೀಟರಿಗೆ ಮೂರು ಪೈಸೆ. 2025ರ ಏಪ್ರಿಲಿನಲ್ಲಿ ಕೇಂದ್ರ ಮತ್ತೆ 2 ರೂಪಾಯಿ ಏರಿಸಿತು. ಅದನ್ನೂ ವಿಶೇಷ ಸುಂಕದಲ್ಲೇ ಸೇರಿಸಿತು. ಆ ಸಲ ಬಂಕಿನ ಬೆಲೆ ಏರಲಿಲ್ಲ, ಆದರೆ ಇಳಿಯಬಹುದಾಗಿದ್ದ ಬೆಲೆಯೂ ಇಳಿಯಲಿಲ್ಲ. ಆ ವರ್ಷ ಚೆನ್ನೈನಲ್ಲಿ ಲೀಟರಿಗೆ 92 ರೂಪಾಯಿ ಚಿಲ್ಲರೆ ಕೊಟ್ಟವನು ಕೇಂದ್ರಕ್ಕೂ ರಾಜ್ಯಕ್ಕೂ ಸೇರಿ ಅದರ ಮೂರನೆಯ ಒಂದು ಪಾಲಿಗಿಂತ ಹೆಚ್ಚನ್ನು ತೆರಿಗೆಯಾಗಿ ಕೊಟ್ಟ.

ಆದ್ದರಿಂದ ನಿಮ್ಮ ಸಿಟ್ಟು ಸುಳ್ಳಲ್ಲ. ನನಗೂ ಅದೇ ಸಿಟ್ಟಿದೆ. ನಾನು ಕೇಳುವುದು ಆ ಸಿಟ್ಟನ್ನು ಎಲ್ಲಿ ಖರ್ಚು ಮಾಡುತ್ತಿದ್ದೀರಿ ಎಂದು.

ನಮ್ಮ ಸೀಮೆಗೆ ಸಿಟ್ಟು ಹೊಸದಲ್ಲ. ತಿರುಪ್ಪೂರಿನ ಪಕ್ಕದ ಪೆರುಮಾನಲ್ಲೂರಿನಲ್ಲಿ 1970ರ ಜೂನ್ 19ರಂದು, ಪಂಪ್‌ಸೆಟ್ಟಿನ ವಿದ್ಯುತ್ ದರ ಏರಿಸಿದ್ದನ್ನು ವಿರೋಧಿಸಿ ನಿಂತ ರೈತರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಮೂವರು ಸತ್ತರು. ಅವರ ಸ್ಮಾರಕದ ಮುಂದೆಯೇ ನಿಮ್ಮ ಗಾಡಿಗಳು ಓಡಾಡುತ್ತವೆ. ಎರಡು ವರ್ಷದ ನಂತರ, 1972ರಲ್ಲಿ, ರೈತ ನಾಯಕ ನಾರಾಯಣಸ್ವಾಮಿ ನಾಯ್ಡು ಅವರ ಮಾತಿಗೆ ರೈತರು ಎತ್ತಿನಗಾಡಿ ಕಟ್ಟಿಕೊಂಡು ಬಂದು ಕೊಯಮತ್ತೂರು ಪಟ್ಟಣದ ರಸ್ತೆಗಳನ್ನೆಲ್ಲ ತುಂಬಿಬಿಟ್ಟರು. ಅತ್ತ ಕರ್ನಾಟಕದಲ್ಲಿ 1980ರ ಜುಲೈಯಲ್ಲಿ ನರಗುಂದ, ನವಲಗುಂದದ ರೈತರು ನೀರಿನ ಕರ ಮತ್ತು ಅಭಿವೃದ್ಧಿ ಕರದ ವಿರುದ್ಧ ಎದ್ದು ನಿಂತು ಗುಂಡು ತಿಂದರು. ಒಂದು ಸರ್ಕಾರದ ಬುಡವೇ ಅಲ್ಲಾಡಿತು. ರೈತ ಸಂಘ ಹುಟ್ಟಿ ಬೆಳೆದದ್ದು ಆ ನೆಲದಲ್ಲಿ. 2025ರ ಏಪ್ರಿಲ್ 1ರಂದು ಕರ್ನಾಟಕ ಡೀಸೆಲ್ ಮೇಲಿನ ತೆರಿಗೆಯನ್ನು ಶೇ 18.44ರಿಂದ 21.17ಕ್ಕೆ ಏರಿಸಿದಾಗ ಅಲ್ಲಿನ ಲಾರಿ ಮಾಲೀಕರು 14ರ ಮಧ್ಯರಾತ್ರಿಯಿಂದ ಗಾಡಿ ನಿಲ್ಲಿಸಿ ಮುಷ್ಕರ ಹೂಡಿದರು. ಹೊಸೂರು, ಕಾಸರಗೋಡುಗಳಿಗಿಂತ ಕರ್ನಾಟಕದಲ್ಲಿ ಇನ್ನೂ ಅಗ್ಗ ಎಂದು ಅಲ್ಲಿನ ಸರ್ಕಾರ ಸಮಜಾಯಿಷಿ ಕೊಡಬೇಕಾಯಿತು.

ಇವರೆಲ್ಲರ ಬೇಡಿಕೆಯನ್ನೂ ನೀವು ಒಪ್ಪಬೇಕಾಗಿಲ್ಲ. ಆದರೆ ಅವರು ಹಗಲು ಹೊತ್ತಿನಲ್ಲಿ, ಹೆಸರು ಹೇಳಿ, ನಾಲ್ಕು ಜನರ ಎದುರಿಗೆ ನಿಂತು ಕೇಳಿದರು. ಕೇಳಿದ್ದಕ್ಕೆ ಸರ್ಕಾರ ಉತ್ತರ ಕೊಡಬೇಕಾಯಿತು. ರಾತ್ರಿ ಶೆಡ್ಡಿನಲ್ಲಿ ಬಿಲ್ಲಿಲ್ಲದೆ ಎರಡು ಬ್ಯಾರೆಲ್ ತುಂಬಿಸಿಕೊಂಡವನಿಗೆ ಯಾವ ಸರ್ಕಾರ ಉತ್ತರ ಕೊಡುತ್ತದೆ? ಅವನು ಬಾಯಿ ತೆರೆಯುವ ಹಕ್ಕನ್ನೇ ಮಾರಿಕೊಂಡಿರುತ್ತಾನೆ. ಸಂಘದ ಸಭೆಯಲ್ಲಿ ತೆರಿಗೆಯ ವಿರುದ್ಧ ಜೋರಾಗಿ ಮಾತಾಡಬೇಕಾದವರು ಹಿಂದಿನ ಸಾಲಿನಲ್ಲಿ ತಲೆ ತಗ್ಗಿಸಿ ಕೂತದ್ದನ್ನು ನಾನು ಕಂಡಿದ್ದೇನೆ. ಕಾರಣ ಎಲ್ಲರಿಗೂ ಗೊತ್ತಿತ್ತು.

ಈಗ ಆ ಬ್ಯಾರೆಲಿನಲ್ಲಿ ಏನಿರುತ್ತದೆ ಎಂಬುದಕ್ಕೆ ಬರೋಣ.

ನಿಜವಾದ ಬಯೋಡೀಸೆಲ್ ಎಂದರೆ ಗಿಡದ ಎಣ್ಣೆ, ಪ್ರಾಣಿಯ ಕೊಬ್ಬು ಅಥವಾ ಕರಿದು ಬಿಟ್ಟ ಅಡುಗೆ ಎಣ್ಣೆಯನ್ನು ಮೆಥನಾಲ್ ಜೊತೆ ಸೇರಿಸಿ, ಕ್ಷಾರ ಹಾಕಿ ಕಾಯಿಸಿ, ಗ್ಲಿಸರಿನ್ ಬೇರ್ಪಡಿಸಿ, ತೊಳೆದು, ನೀರಿನ ಪಸೆ ತೆಗೆದ ಇಂಧನ. ಅದಕ್ಕೆ ಐಎಸ್ 15607 ಎಂಬ ಮಾನದಂಡವಿದೆ. ನಮ್ಮ ಬಂಕುಗಳ ಸಾಮಾನ್ಯ ಡೀಸೆಲಿನ ಮಾನದಂಡವೇ ಶೇ 7ರವರೆಗೆ ಇದನ್ನು ಬೆರೆಸಲು ಒಪ್ಪುತ್ತದೆ. ಇದು ಒಳ್ಳೆಯ ಇಂಧನ. ಜಾರುಗುಣ ಹೆಚ್ಚು, ಗಂಧಕ ಇಲ್ಲವೆನ್ನುವಷ್ಟು ಕಡಿಮೆ, ಬೇಗ ಬೆಂಕಿ ಹತ್ತುವುದಿಲ್ಲ. ತೊಂದರೆಗಳೂ ಇವೆ. ಬರೀ ಬಯೋಡೀಸೆಲ್ ಹಾಕಿದರೆ ಮೈಲೇಜ್ ಸ್ವಲ್ಪ ಇಳಿಯುತ್ತದೆ, ಹಳೆಯ ಟ್ಯಾಂಕಿನ ಕೊಳೆಯನ್ನು ಕರಗಿಸಿ ತಂದು ಫಿಲ್ಟರ್ ಕಟ್ಟಿಸುತ್ತದೆ, ಹಳೆಯ ರಬ್ಬರ್ ಪೈಪನ್ನು ಊದಿಸುತ್ತದೆ, ತಿಂಗಳುಗಟ್ಟಲೆ ಬ್ಯಾರೆಲಿನಲ್ಲಿಟ್ಟರೆ ಕೆಡುತ್ತದೆ. ಇದನ್ನು ಮಾರಲು ನಿಯಮವಿದೆ. 2019ರ ಏಪ್ರಿಲಿನಲ್ಲಿ ಪೆಟ್ರೋಲಿಯಂ ಸಚಿವಾಲಯ ಮಾರ್ಗಸೂಚಿಯನ್ನೂ ಹೊರಡಿಸಿತು.

ಶೆಡ್ಡಿನಲ್ಲಿ ಸಿಗುವುದು ಬಹುತೇಕ ಇದಲ್ಲ. ನಾಗರಿಕ ಸರಬರಾಜು ಸಿಐಡಿ ಪೊಲೀಸರು ನಮ್ಮ ಪಶ್ಚಿಮ ಜಿಲ್ಲೆಗಳಲ್ಲಿ ದಾಳಿ ನಡೆಸಿ ಹಿಡಿದ ‘ಬಯೋಡೀಸೆಲ್’ ಎಂದರೆ ಕಾರ್ಖಾನೆಗೆಂದು ತಂದ ಬೇಸ್ ಆಯಿಲ್, ದ್ರಾವಕ, ಹಳೆಯ ಎಣ್ಣೆಗಳ ಕಲಬೆರಕೆ. ಇದು ಅಗ್ಗವಾಗುವುದಕ್ಕೆ ಕಾರಣ ಬೇರೆ ಏನೂ ಇಲ್ಲ, ತೆರಿಗೆಯ ಅಂತರವೇ. 2017ರ ಜುಲೈ 1ರಂದು ಜಿಎಸ್‌ಟಿ ಬಂದಾಗ ಡೀಸೆಲನ್ನು ಹೊರಗಿಟ್ಟರು. ಕಾರ್ಖಾನೆಯ ಎಣ್ಣೆ ಜಿಎಸ್‌ಟಿಯ ಒಳಗೆ ಬಂತು. ಒಂದರ ಮೇಲೆ ಸುಂಕ, ಸೆಸ್, ವ್ಯಾಟ್ ಮೂರೂ ಬಿದ್ದವು. ಇನ್ನೊಂದಕ್ಕೆ ಜಿಎಸ್‌ಟಿ ಮಾತ್ರ, ಅದರಲ್ಲೂ ಕೊಂಡವನಿಗೆ ಇನ್‌ಪುಟ್ ಕ್ರೆಡಿಟ್. ಹಾಗಿದ್ದ ಮೇಲೆ ಮಧ್ಯದಲ್ಲಿ ನಿಂತು ದುಡ್ಡು ಮಾಡುವವನು ಹುಟ್ಟಿಕೊಳ್ಳದೆ ಇರುತ್ತಾನೆಯೇ? ನಿಮಗೆ ಹದಿನೈದು ರೂಪಾಯಿ ಬಿಟ್ಟುಕೊಟ್ಟು ಅವನು ಅದಕ್ಕಿಂತ ಹೆಚ್ಚನ್ನು ಜೇಬಿಗಿಳಿಸುತ್ತಾನೆ. ಸರ್ಕಾರಕ್ಕೆ ಹೋಗಬಾರದೆಂದು ನೀವು ಹಿಡಿದಿಟ್ಟ ಹಣ ಅವನ ಮನೆ ಸೇರುತ್ತದೆ.

ನಿಮ್ಮ ಪಾಲಿಗೆ ಉಳಿಯುವುದೇನು? 2020ರ ಏಪ್ರಿಲಿನಿಂದ ಬಂದ ಬಿಎಸ್ 6 ಗಾಡಿಯ ಎಂಜಿನ್ ಹಳೆಯ ಎಂಜಿನ್ನಿನಂತಲ್ಲ. ಸಾವಿರ ಬಾರ್‌ಗೂ ಮೀರಿದ ಒತ್ತಡದಲ್ಲಿ ಇಂಧನವನ್ನು ಸಿಂಪಡಿಸುವ ಕಾಮನ್ ರೈಲ್ ಅದರಲ್ಲಿದೆ. ಆ ಪಂಪಿಗೂ ಇಂಜೆಕ್ಟರಿಗೂ ಜಾರಿಕೆ ಕೊಡುವುದು ಡೀಸೆಲೇ, ಬೇರೆ ಎಣ್ಣೆ ಇಲ್ಲ. ಬಿಎಸ್ 6 ಡೀಸೆಲಿನಲ್ಲಿ ಗಂಧಕ ಕೆಜಿಗೆ 10 ಮಿಲಿಗ್ರಾಂ ಮೀರಬಾರದು. ಆ ನಂಬಿಕೆಯ ಮೇಲೆಯೇ ಸೈಲೆನ್ಸರಿನೊಳಗಿನ ಫಿಲ್ಟರು, ಯೂರಿಯಾ ನೀರು ಬಳಸುವ ಕೆಟಲಿಸ್ಟು ಎಲ್ಲವನ್ನೂ ಕೂಡಿಸಿದ್ದಾರೆ. ಇಂಥ ಗಾಡಿಗೆ ಗಟ್ಟಿ ಬೇಸ್ ಆಯಿಲ್ ಸುರಿದರೆ ಮೊದಲು ಹೊಗೆ, ಆಮೇಲೆ ಸ್ಟಾರ್ಟಿಂಗ್ ತೊಂದರೆ, ಆಮೇಲೆ ಡ್ಯಾಶ್‌ಬೋರ್ಡಿನಲ್ಲಿ ದೀಪ, ಕೊನೆಗೆ ವರ್ಕ್‌ಶಾಪಿನ ಬಿಲ್ಲು. ನನ್ನ ಪರಿಚಯದ ಒಬ್ಬ ವ್ಯಾನ್ ಮಾಲೀಕರು ಹೀಗೆ ಕೆಲವು ತಿಂಗಳು ಉಳಿಸಿದ್ದೆಲ್ಲ ಇಂಜೆಕ್ಟರ್ ಬದಲಾವಣೆಯ ಒಂದೇ ಬಿಲ್ಲಿನಲ್ಲಿ ಹೋಯಿತು. ಇಂಧನ ಪರೀಕ್ಷಿಸಿದ ಮೇಲೆ ಗಾಡಿಯ ಕಂಪನಿ ವಾರಂಟಿಯನ್ನೂ ಒಪ್ಪಲಿಲ್ಲ. ಆ ಗಾಡಿಯ ಕಂತು ಇನ್ನೂ ಮುಗಿದಿರಲಿಲ್ಲ. ಹಸಿವಾಯಿತೆಂದು ಬಿತ್ತನೆ ಬೀಜ ಬೇಯಿಸಿ ತಿಂದ ಹಾಗಾಯಿತು ಅವರ ಕತೆ.

ಇದರ ಜೊತೆಗೆ ಕಾನೂನೂ ಇದೆ. ಡೀಸೆಲ್ ಪೂರೈಕೆಯ ಅಕ್ರಮ ತಡೆಯುವ 2005ರ ಆದೇಶ ಅಗತ್ಯ ವಸ್ತುಗಳ ಕಾಯ್ದೆಯ ಅಡಿಯಲ್ಲಿದೆ. ಆ ಕಾಯ್ದೆಯಲ್ಲಿ ಏಳು ವರ್ಷದವರೆಗೆ ಜೈಲು ಉಂಟು. ಗೋಡೌನಿನಲ್ಲಿ ಪರವಾನಗಿ ಇಲ್ಲದೆ ಇಟ್ಟ ಬ್ಯಾರೆಲಿಗೆ ಬೆಂಕಿ ಬಿದ್ದರೆ ಪಕ್ಕದಲ್ಲಿರುವುದು ಹತ್ತಿ, ನೂಲು, ಬನಿಯನ್ ಬಟ್ಟೆ. ತಿರುಪ್ಪೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬೆಲೆಯ ಅಂತರ ಇದ್ದ ಕಡೆಯಲ್ಲೆಲ್ಲ ಕಲಬೆರಕೆ ಹುಟ್ಟುತ್ತದೆ, ಕಲಬೆರಕೆ ಬೆಳೆದ ಕಡೆ ರಕ್ತವೂ ಹರಿಯುತ್ತದೆ. ರೇಷನ್ ಸೀಮೆಎಣ್ಣೆಗೂ ಡೀಸೆಲಿಗೂ ಬೆಲೆಯಲ್ಲಿ ಅಜಗಜಾಂತರವಿದ್ದ ಕಾಲದಲ್ಲಿ ಷಣ್ಮುಗಂ ಮಂಜುನಾಥ್ ಎಂಬ ಯುವಕ ಇಂಡಿಯನ್ ಆಯಿಲ್ ಕಂಪನಿಯ ಅಧಿಕಾರಿಯಾಗಿದ್ದರು. ನಮ್ಮ ಕೋಲಾರ ಚಿನ್ನದ ಗಣಿಯ ಹುಡುಗ, ಮೈಸೂರಿನ ಎಸ್‌ಜೆಸಿಇಯಲ್ಲಿ ಎಂಜಿನಿಯರಿಂಗ್ ಓದಿ, ಲಖನೌದ ಐಐಎಂಗೆ ಹೋದವರು. ಉತ್ತರ ಪ್ರದೇಶದ ಲಖೀಂಪುರ ಖೀರಿಯಲ್ಲಿ ಕಲಬೆರಕೆ ಮಾಡುತ್ತಿದ್ದ ಬಂಕನ್ನು ಮುಚ್ಚಿಸಿದ್ದಕ್ಕೆ 2005ರ ನವೆಂಬರ್ 19ರಂದು ಅವರನ್ನು ಗುಂಡಿಟ್ಟು ಕೊಂದರು. 2011ರ ಜನವರಿಯಲ್ಲಿ ಮಹಾರಾಷ್ಟ್ರದ ಅಪರ ಜಿಲ್ಲಾಧಿಕಾರಿ ಯಶವಂತ ಸೋನಾವಣೆ ಅವರನ್ನು ಎಣ್ಣೆ ಕಳ್ಳರು ಜೀವಂತ ಸುಟ್ಟರು. ಅಗ್ಗದ ಎಣ್ಣೆ ಕೊಂಡ ಸಾವಿರಾರು ಜನ ಯಾರನ್ನೂ ಕೊಲ್ಲಲು ಹೊರಟವರಲ್ಲ. ಅವರು ಎರಡು ಕಾಸು ಉಳಿಸಲು ಹೊರಟವರು. ಆದರೆ ಅವರ ಕಾಸಿನಿಂದಲೇ ಆ ಕೈಗಳಿಗೆ ಬಲ ಬಂತು.

ಹಾಗಾದರೆ ಡೀಸೆಲಿಗೆ ಬದಲಿ ಇಂಧನವೇ ಬೇಡವೆ? ಖಂಡಿತ ಬೇಕು. ಆದರೆ ಅದರ ಬಗ್ಗೆಯೂ ನಾವು ಕಣ್ಣು ಬಿಟ್ಟುಕೊಂಡು ಮಾತಾಡಬೇಕು. ಏಕೆಂದರೆ ಈ ವಿಷಯದಲ್ಲಿ ಒಮ್ಮೆ ಏಟು ತಿಂದ ಜಿಲ್ಲೆ ನಮ್ಮದು.

2003ರಲ್ಲಿ ಯೋಜನಾ ಆಯೋಗ ಕಾಡುಹರಳು, ತಮಿಳಿನವರು ಕಾಟ್ಟಾಮಣಕ್ಕು ಎನ್ನುವ ಗಿಡವನ್ನು ದೇಶದ ಡೀಸೆಲ್ ಚಿಂತೆಗೆ ಮದ್ದು ಎಂದು ಸಾರಿತು. ಬರಡು ನೆಲದಲ್ಲಿ ನೀರಿಲ್ಲದೆ ಬೆಳೆಯುತ್ತದೆ ಎಂದರು. ತಮಿಳುನಾಡು ಸರ್ಕಾರ ಉತ್ತೇಜನ ಕೊಟ್ಟಿತು, ಕಂಪನಿಗಳು ಒಪ್ಪಂದ ಮಾಡಿಕೊಂಡವು, ನಮ್ಮ ಕಡೆಯ ರೈತರು ನೆಟ್ಟರು. ಬೆಂಗಳೂರಿನ ಏಟ್ರೀ ಸಂಸ್ಥೆಯ ಶರಚ್ಚಂದ್ರ ಲೇಲೆ ಮತ್ತು ಅವರ ಜೊತೆಗಾರರು ಕೊಯಮತ್ತೂರು, ತಿರುವಣ್ಣಾಮಲೈ ಜಿಲ್ಲೆಗಳ ಹಳ್ಳಿಗಳಲ್ಲಿ ಓಡಾಡಿ 2010ರಲ್ಲಿ ವರದಿ ಪ್ರಕಟಿಸಿದರು. ಇಳುವರಿ ಹೇಳಿದ್ದಕ್ಕಿಂತ ಬಹಳ ಕಡಿಮೆ, ನೀರಿದ್ದರಷ್ಟೇ ಬೆಳೆ, ಬಡ ರೈತನನ್ನು ಇನ್ನಷ್ಟು ಬಡವನನ್ನಾಗಿ ಮಾಡುವ ಬೆಳೆ ಎಂಬುದು ಅವರು ಕಂಡ ಸತ್ಯ. ದೆಹಲಿಯ ಗುರಿಯೂ ಅದಕ್ಕೆ ತಕ್ಕಂತೆ ಕರಗಿತು. 2009ರ ನೀತಿಯಲ್ಲಿ 2017ಕ್ಕೆ ಶೇ 20 ಬೆರೆಸುತ್ತೇವೆ ಎಂದಿದ್ದವರು 2018ರ ನೀತಿಯಲ್ಲಿ 2030ಕ್ಕೆ ಶೇ 5 ಎಂದರು.

ಕರ್ನಾಟಕದ ಅನುಭವ ಸ್ವಲ್ಪ ಬೇರೆ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊಫೆಸರ್ ಉಡುಪಿ ಶ್ರೀನಿವಾಸ ಹೊಂಗೆ ಎಣ್ಣೆಯಿಂದಲೇ ಹಳ್ಳಿಯ ಜನರೇಟರ್ ಓಡಿಸಿ ತೋರಿಸಿದರು. ಹಾಸನದ ಮಡೇನೂರಿನಲ್ಲಿ ಕೃಷಿ ವಿಶ್ವವಿದ್ಯಾಲಯ ಜೈವಿಕ ಇಂಧನ ಉದ್ಯಾನ ಮಾಡಿ, ಬದುವಿನಲ್ಲಿ ಹೊಂಗೆ, ಬೇವು, ಹಿಪ್ಪೆ ಬೆಳೆಸಿ ಬೀಜ ಕೊಳ್ಳುವ ದಾರಿ ಹುಡುಕಿತು. ಇಡೀ ಹೊಲವನ್ನು ಒತ್ತೆ ಇಡದೆ ಬದುವಿನಲ್ಲಿ ಬೆಳೆಯುವುದೇ ಅದರ ಗುಣ. ಹಾಗೆಂದು ಹೊಂಗೆಯೊಂದೇ ಕೊಯಮತ್ತೂರಿನ ಲಾರಿಗಳನ್ನೆಲ್ಲ ಓಡಿಸುತ್ತದೆ ಎಂದು ನಂಬಿಸಲು ಬಂದವರನ್ನು ನಂಬಬೇಡಿ. ಪೊಳ್ಳಾಚಿ, ಕಾಂಗೇಯಂ ಕಡೆಯ ತೆಂಗಿನೆಣ್ಣೆಯಿಂದ ಆಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ಫಿಲಿಪ್ಪೀನ್ಸ್ ದೇಶದವರು 2009ರಿಂದ ಶೇ 2ರಷ್ಟು, 2024ರ ಅಕ್ಟೋಬರಿನಿಂದ ಶೇ 3ರಷ್ಟು ತೆಂಗಿನ ಬಯೋಡೀಸೆಲ್ ಬೆರೆಸುತ್ತಿದ್ದಾರೆ. ಕಾನೂನು ಮಾಡಿ ಎಲ್ಲ ಬಂಕಿನಲ್ಲೂ ಬೆರೆಸಿದ್ದರಿಂದ ಅವರಿಗೆ ಅದು ಸಾಧ್ಯವಾಯಿತು. ಒಬ್ಬೊಬ್ಬರೇ ತಮ್ಮ ಟ್ಯಾಂಕಿಗೆ ಅಡುಗೆಮನೆಯ ತೆಂಗಿನೆಣ್ಣೆ ಸುರಿದರೆ ಮೊದಲು ಕೆಡುವುದು ಇಂಜೆಕ್ಟರು. ಹಸಿ ಎಣ್ಣೆ ಬಹಳ ಗಟ್ಟಿ, ಒಳಗೆ ಮಸಿ ಕಟ್ಟುತ್ತದೆ.

ನಮ್ಮ ಎರಡು ಜಿಲ್ಲೆಗಳಲ್ಲಿ ಇಂದೇ ಕೈಗೆ ಸಿಗುವ ಕಚ್ಚಾವಸ್ತು ಕರಿದು ಉಳಿದ ಎಣ್ಣೆ. ಹೋಟೆಲುಗಳು, ಬೇಕರಿಗಳು, ಮಿಲ್ಲುಗಳ ಕ್ಯಾಂಟೀನುಗಳು, ಕಾರ್ಮಿಕರ ಹಾಸ್ಟೆಲುಗಳು, ಕಲ್ಯಾಣ ಮಂಟಪಗಳು, ಎಷ್ಟಿಲ್ಲ! ಮತ್ತೆ ಮತ್ತೆ ಕಾಯಿಸಿದ ಎಣ್ಣೆಯಲ್ಲಿ ಕೆಟ್ಟ ಅಂಶ ಶೇ 25 ಮೀರಿದರೆ ಅಡುಗೆಗೆ ಬಳಸಬಾರದೆಂಬ ನಿಯಮ 2018ರ ಜುಲೈ 1ರಿಂದ ಜಾರಿಯಲ್ಲಿದೆ. ಆ ಎಣ್ಣೆಯನ್ನು ಸಂಗ್ರಹಿಸಿ ಬಯೋಡೀಸೆಲ್ ಮಾಡಿಸುವ ‘ರೂಕೋ’ ಯೋಜನೆಯನ್ನು ಅದೇ ವರ್ಷ ಆಗಸ್ಟ್ 10ರಂದು ಕೇಂದ್ರ ಆಹಾರ ಸುರಕ್ಷತಾ ಪ್ರಾಧಿಕಾರ ಆರಂಭಿಸಿತು. ಕೊಯಮತ್ತೂರಿನ ಆಹಾರ ಸುರಕ್ಷತಾ ಅಧಿಕಾರಿಗಳೂ ಇದನ್ನು ನಡೆಸಿದ್ದಾರೆ. ತೈಲ ಕಂಪನಿಗಳಿಗೆ ಬೆರೆಸಲು ಕೊಡುವ ಬಯೋಡೀಸೆಲ್ ಮೇಲಿನ ಜಿಎಸ್‌ಟಿಯನ್ನು 2021ರಲ್ಲಿ ಶೇ 12ರಿಂದ 5ಕ್ಕೆ ಇಳಿಸಿದರು. ಆ ದಾರಿಯಲ್ಲಿ ಹೋದ ಎಣ್ಣೆ ನಿಮ್ಮ ಬಂಕಿನ ಡೀಸೆಲಿನೊಳಗೇ, ಪರೀಕ್ಷೆ ಮುಗಿಸಿಕೊಂಡು ಬರುತ್ತದೆ. ಅದೇ ಎಣ್ಣೆ ಈಗ ಬಹುಪಾಲು ಎಲ್ಲಿಗೆ ಹೋಗುತ್ತದೆ? ಚರಂಡಿಗೆ ಅಥವಾ ರಸ್ತೆ ಬದಿಯ ಬಾಣಲೆಗೆ. ಅಲ್ಲಿಂದ ನಮ್ಮ ಮಕ್ಕಳ ಹೊಟ್ಟೆಗೆ.

ತೆರಿಗೆಯ ಬಗ್ಗೆ ಇನ್ನೊಂದು ಮಾತು. ತೆರಿಗೆಯೆಲ್ಲ ಗಾಳಿಗೆ ಹೋಗುತ್ತದೆ ಎಂಬ ಮಾತು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ. ಅವಿನಾಶಿ ರಸ್ತೆಯ ಮೇಲೆ 10.1 ಕಿಲೋಮೀಟರ್ ಉದ್ದದ ಮೇಲ್ಸೇತುವೆ 2025ರ ಅಕ್ಟೋಬರ್ 9ರಂದು ತೆರೆಯಿತು. ಖರ್ಚು 1,791 ಕೋಟಿ ರೂಪಾಯಿ, ಹೆಸರು ಜಿ.ಡಿ. ನಾಯ್ಡು ಅವರದು. 1920ರಲ್ಲಿ ಒಂದು ಬಸ್ಸು ಕೊಂಡು ಪೊಳ್ಳಾಚಿಗೂ ಪಳನಿಗೂ ನಡುವೆ ತಾವೇ ಓಡಿಸಿ ಬದುಕು ಕಟ್ಟಿದ ಮನುಷ್ಯ ಅವರು. ಆ ಸೇತುವೆಯ ಮೇಲೆ ಗಾಡಿ ಓಡಿಸುವವರೆಲ್ಲ ಅದಕ್ಕೆ ಯಾರದೋ ತೆರಿಗೆ ಹೋಗಿದೆ ಎಂಬುದನ್ನು ನೆನೆಯಬೇಕು. ಮಗ್ಗದ ಕೆಲಸಕ್ಕೆ ಹೋಗುವ ನಮ್ಮ ಹೆಣ್ಣುಮಕ್ಕಳು 2021ರ ಮೇ ತಿಂಗಳಿನಿಂದ ಟೌನ್ ಬಸ್ಸಿನಲ್ಲಿ ಟಿಕೆಟ್ಟಿಲ್ಲದೆ ಹೋಗುತ್ತಿರುವುದೂ ಬೊಕ್ಕಸದ ದುಡ್ಡಿನಲ್ಲೇ. ತೆರಿಗೆ ಬೇಡ ಎನ್ನುವುದು ಸುಲಭ. ಎಷ್ಟು, ಯಾರಿಂದ, ಯಾವುದಕ್ಕೆ ಎಂದು ಕೇಳುವುದು ಕಷ್ಟ. ನಾವು ಕೇಳಬೇಕಾದ್ದು ಆ ಕಷ್ಟದ ಪ್ರಶ್ನೆಯನ್ನು.

ಅದಕ್ಕಾಗಿ ನಿಮ್ಮಲ್ಲಿ ಕೆಲವು ಬಿನ್ನಹಗಳಿವೆ.

ಮೊದಲನೆಯದು, ಬಿಲ್ಲಿಲ್ಲದ ಎಣ್ಣೆ ಬೇಡ. ಬಯೋಡೀಸೆಲ್ ಕೊಳ್ಳುವುದೇ ಆದರೆ ಮಾರುವವನ ಪರವಾನಗಿ, ಜಿಎಸ್‌ಟಿ ಬಿಲ್ಲು, ಐಎಸ್ 15607 ಪರೀಕ್ಷಾ ವರದಿ, ಮೂರನ್ನೂ ಕೇಳಿ. ಮೂರರಲ್ಲಿ ಒಂದು ಇಲ್ಲದಿದ್ದರೂ ವಾಪಸ್ ಬನ್ನಿ. ಬೆರಕೆಯ ಪ್ರಮಾಣಕ್ಕೆ ನಿಮ್ಮ ಗಾಡಿಯ ಕಂಪನಿಯ ಒಪ್ಪಿಗೆ ಇದೆಯೇ ಎಂದು ಕೈಪಿಡಿಯಲ್ಲಿ ನೋಡಿ.

ಎರಡನೆಯದು, ಬಂಕಿನಲ್ಲೂ ಸಂಕೋಚ ಬೇಡ. ಐದು ಲೀಟರಿನ ಅಳತೆ ಪಾತ್ರೆ, ಸಾಂದ್ರತೆ ನೋಡುವ ಹೈಡ್ರೋಮೀಟರ್ ಎಲ್ಲ ಬಂಕಿನಲ್ಲೂ ಇರಬೇಕು. ಅವನ್ನು ಕೇಳಿ ನೋಡುವುದು ಗಿರಾಕಿಯ ಹಕ್ಕು. ಒಬ್ಬರು ಕೇಳಿದರೆ ಜಗಳ, ಎಲ್ಲರೂ ಕೇಳಿದರೆ ಪದ್ಧತಿ.

ಮೂರನೆಯದು, ಮಿಲ್ಲು, ಕ್ಯಾಂಟೀನು, ಮಂಟಪ ನಡೆಸುವವರು ಕರಿದ ಎಣ್ಣೆಯನ್ನು ಪರವಾನಗಿ ಇರುವ ಸಂಗ್ರಹಕಾರರಿಗೇ ಕೊಡಿ. ದೀಪಾವಳಿಯ ನಂತರ ನಮ್ಮ ಸಮುದಾಯದ ಸಂಘಗಳು ಬೀದಿಬೀದಿಯಲ್ಲಿ ಡಬ್ಬಿ ಇಟ್ಟು ಸಂಗ್ರಹಿಸಬಹುದು. ದೇವಸ್ಥಾನದ ಅನ್ನದಾನಕ್ಕೆ ಅಕ್ಕಿ ಕೂಡಿಸುವವರಿಗೆ ಇದು ದೊಡ್ಡ ಕೆಲಸವಲ್ಲ.

ನಾಲ್ಕನೆಯದು, ಸಂಘದ ಮುಖಾಂತರ ಸರ್ಕಾರಗಳ ಮುಂದೆ ಸ್ಪಷ್ಟ ಬೇಡಿಕೆ ಇಡಿ. ಬಂಕಿನ ಪ್ರತಿ ಬಿಲ್ಲಿನಲ್ಲಿ ಮೂಲ ಬೆಲೆ ಎಷ್ಟು, ಕೇಂದ್ರದ ಸುಂಕ ಎಷ್ಟು, ಸೆಸ್ ಎಷ್ಟು, ರಾಜ್ಯದ ವ್ಯಾಟ್ ಎಷ್ಟು ಎಂದು ಮುದ್ರಿಸಿ ಎಂದು ಕೇಳಿ. ಹಂಚಿಕೊಳ್ಳದ ಸೆಸ್‌ಗಳನ್ನು ಹಂಚಿಕೊಳ್ಳುವ ಸುಂಕವಾಗಿ ಬದಲಿಸಿ ಎಂದು ದೆಹಲಿಯನ್ನು ಕೇಳಿ. ಹೇಳಿದ್ದ 4 ರೂಪಾಯಿ ಏನಾಯಿತು ಎಂದು ಚೆನ್ನೈಯನ್ನು ಕೇಳಿ. ಡೀಸೆಲನ್ನು ಜಿಎಸ್‌ಟಿಗೆ ತರಲು ಸಂವಿಧಾನದಲ್ಲೇ ಅವಕಾಶವಿದೆ. 2021ರ ಸೆಪ್ಟೆಂಬರ್ 17ರಂದು ಲಖನೌದಲ್ಲಿ ಕೂತ ಜಿಎಸ್‌ಟಿ ಮಂಡಳಿ ಸದ್ಯಕ್ಕೆ ಸಮಯ ಬಂದಿಲ್ಲ ಎಂದಿತು. ಸಮಯ ಯಾವಾಗ ಬರುತ್ತದೆ ಎಂದು ಕೇಳುವುದು ನಮ್ಮ ಹಕ್ಕು. ಜಿಎಸ್‌ಟಿ ಬಂದ ಮಾತ್ರಕ್ಕೆ ಬೆಲೆ ಅರ್ಧವಾಗುತ್ತದೆ ಎಂಬ ಆಸೆ ಬೇಡ, ಅದರ ಮೇಲೂ ಸೆಸ್ ಹಾಕಬಹುದು. ಆದರೆ ಇನ್‌ಪುಟ್ ಕ್ರೆಡಿಟ್ ಸಿಕ್ಕರೆ ಸಾಗಣೆಯವರಿಗೂ ಜನರೇಟರ್ ನಡೆಸುವವರಿಗೂ ಉಸಿರು ಬರುತ್ತದೆ. ಶೆಡ್ಡಿನವನ ವ್ಯಾಪಾರಕ್ಕೂ ಬುಡದಲ್ಲೇ ಕೊಡಲಿ ಬೀಳುತ್ತದೆ.

ಐದನೆಯದು, ಬಾಡಿಗೆ. ಡೀಸೆಲ್ ಏರಿದಾಗ ಬಾಡಿಗೆ ಏರಿಸಲಾಗದೆ ಒಬ್ಬರ ಮೇಲೊಬ್ಬರು ರೇಟು ಇಳಿಸಿ ಲೋಡು ಹಿಡಿಯುವುದೇ ನಿಮ್ಮನ್ನು ಶೆಡ್ಡಿನ ಬಾಗಿಲಿಗೆ ತಳ್ಳುತ್ತಿದೆ. ಎಷ್ಟೋ ಖಾತೆಗಳಲ್ಲಿ ನಾನು ಇದನ್ನು ಕಂಡಿದ್ದೇನೆ. ಡೀಸೆಲ್ ಬೆಲೆ ಇಷ್ಟು ಏರಿದರೆ ಬಾಡಿಗೆ ಇಷ್ಟು ಏರಬೇಕು, ಇಳಿದರೆ ಇಷ್ಟು ಇಳಿಯಬೇಕು ಎಂದು ಒಪ್ಪಂದದಲ್ಲೇ ಬರೆಸಿಕೊಳ್ಳಿ. ಬನಿಯನ್ ಕಂಪನಿಯವರೂ ನ್ಯಾಯವಂತರಾದರೆ ಇದಕ್ಕೆ ಒಪ್ಪುತ್ತಾರೆ. ಒಪ್ಪದಿದ್ದರೆ ಸಂಘ ಮಾತಾಡಲಿ.

ಕಿರಿಯರಿಗೆ ಒಂದು ಮಾತು. ಚಾಮರಾಜನಗರದ ಕಡೆ ಹೋದಾಗ ಟ್ಯಾಂಕ್ ತುಂಬಿಸಿಕೊಂಡು ಬರುತ್ತೀರಲ್ಲ, ಅದರಲ್ಲಿ ತಪ್ಪಿಲ್ಲ. ಬಿಲ್ಲು ಇದೆ, ತೆರಿಗೆ ಒಂದು ರಾಜ್ಯಕ್ಕೆ ಸೇರಿದೆ, ಎಣ್ಣೆ ಶುದ್ಧವಾಗಿದೆ. ಕಡಿಮೆ ತೆರಿಗೆ ಇರುವ ಕಡೆ ಕೊಳ್ಳುವುದು ವ್ಯಾಪಾರ. ತೆರಿಗೆಯೇ ಇಲ್ಲದ ಕಡೆ ಕೊಳ್ಳುವುದು ಬೇರೆ.

ತೆರಿಗೆಯ ವಿರುದ್ಧ ದನಿ ಎತ್ತಿ. ನಿಮ್ಮ ಸಭೆಗೆ ನಾನೂ ಬರುತ್ತೇನೆ, ಮನವಿಯ ಕರಡನ್ನು ಬರೆದುಕೊಡುತ್ತೇನೆ, ಅಂಕಿಗಳನ್ನು ಜೋಡಿಸಿಕೊಡುತ್ತೇನೆ. ಆದರೆ ಆ ಸಭೆಗೆ ಬರುವ ಪ್ರತಿಯೊಬ್ಬರ ಗಾಡಿಯಲ್ಲಿ ಬಿಲ್ಲು ಇರುವ ಡೀಸೆಲೇ ಇರಲಿ. ಇಷ್ಟನ್ನು ನಡೆಸಿಕೊಡಬೇಕೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

ಇಂತಿ ನಿಮ್ಮ ವಿಶ್ವಾಸಿ,
ಲಾರಿ ಬುಕಿಂಗ್ ಆಫೀಸಿನ ಒಬ್ಬ ನಿವೃತ್ತ ಲೆಕ್ಕಿಗ
ಕೊಯಮತ್ತೂರು